ದಾವಣಗೆರೆಯಲ್ಲಿ ಕಲಿತ ಅರಬ್ಬಿ ಎಣಿಕೆ, ಜೆಡ್ಡಾದಲ್ಲಿ ಬರೆದ ಪರೀಕ್ಷೆ

ದಾವಣಗೆರೆಯ ಹಳೆ ಪೇಟೆಯಲ್ಲಿ, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗಾಗಿ ಆಡುಮಾತಿನ ಅರಬ್ಬಿ ಕಲಿಸುವ ಸಂಜೆ ತರಗತಿ ನಡೆಯುತ್ತದೆ. ಅವಧಿ 6 ವಾರ, ವಾರಕ್ಕೆ 5 ದಿನ, ಸಂಜೆ 6.30ರಿಂದ 8ರವರೆಗೆ, ನಾನು ಕಟ್ಟಿದ ಶುಲ್ಕ 3,500 ರೂಪಾಯಿ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಊರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದ ನಾನು ಸೌದಿ ಅರೇಬಿಯಾದ ಜೆಡ್ಡಾದ ಕೆಲಸದ ವೀಸಾಕ್ಕೆ ಕಾಯುತ್ತಿದ್ದಾಗ ಈ ತರಗತಿಗೆ ಸೇರಿದೆ. ಅಲ್ಲಿ ಒಂದು ವರ್ಷ ದುಡಿದು ರಜೆಯ ಮೇಲೆ ಮನೆಗೆ ಬಂದಿರುವ ಈಗ ಇದನ್ನು ಬರೆಯುತ್ತಿದ್ದೇನೆ. ವ್ಯಾಕರಣ, ಸಂಭಾಷಣೆಗಳನ್ನೆಲ್ಲ ಬಿಟ್ಟು ಎಣಿಕೆಯ ಪಾಠವೊಂದನ್ನೇ ಇಲ್ಲಿ ತೂಗಿ ನೋಡುತ್ತೇನೆ, ಏಕೆಂದರೆ 6 ವಾರಗಳಲ್ಲಿ 2 ವಾರ ಅದಕ್ಕೇ ಸಂದಿತ್ತು, ಮತ್ತು ಕಲಿತದ್ದರಲ್ಲಿ ಗಂಟೆ ಗಂಟೆಗೂ ಬಳಕೆಗೆ ಬಂದದ್ದು ಅದೊಂದೇ.

ಶಿಕ್ಷಕರು ರಿಯಾದ್‌ನ ಗೋದಾಮಿನಲ್ಲಿ ಹಲವು ವರ್ಷ ಲೆಕ್ಕ ಬರೆದು ಬಂದವರು. ಮೊದಲ ದಿನ ಪುಸ್ತಕ ತೆರೆಯಲು ಬಿಡಲಿಲ್ಲ. ಒಂದು ಸೇರಿನಷ್ಟು ಹುಣಸೆ ಬೀಜವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೇ ಬೆರಳಿನಿಂದ ಸರಿಸುತ್ತಾ, ವಾಹಿದ್, ಇಥ್ನೇನ್, ಥಲಾಥಾ, ಅರ್ಬಅ, ಖಮ್ಸಾ, ಸಿತ್ತಾ, ಸಬ್ಅ, ಥಮಾನಿಯಾ, ತಿಸ್ಅ, ಅಶರಾ ಎಂದು ನಮ್ಮಿಂದ ಹೇಳಿಸಿದರು. ಬಳಿಕ ಬೀಜಗಳನ್ನು ಕಲಸಿ, ಮುಷ್ಟಿಯಲ್ಲಿ ಹಿಡಿದಷ್ಟನ್ನು ಎಣಿಸಲು ಹೇಳಿದರು. ಹಾಡಿನಂತೆ ಒಂದರಿಂದ ಹತ್ತರವರೆಗೆ ಹೇಳಬಲ್ಲವರು ಏಳರಿಂದ ಶುರುಮಾಡಿ ಎಂದರೆ ತಡವರಿಸುತ್ತಾರೆ ಎಂಬುದು ಅಂದೇ ಎಲ್ಲರಿಗೂ ಗೊತ್ತಾಯಿತು. ನಮಗೆ ಅರಬ್ಬಿ ತೀರ ಹೊಸತಲ್ಲವೆಂದು ತೋರಿಸಲು ಅವರು ಮಂಡಿಪೇಟೆಯ ಮಾತುಗಳನ್ನೇ ಎತ್ತಿಕೊಂಡರು: ದಲ್ಲಾಳಿ, ಜಮಾ, ಬಾಕಿ, ವಸೂಲಿ, ತಾರೀಖು, ಇವೆಲ್ಲ ಅರಬ್ಬಿ ಮೂಲದವು, ಪಾರ್ಸಿ ಮತ್ತು ಹಿಂದೂಸ್ತಾನಿಯ ಮೂಲಕ ನಮ್ಮ ಖಾತೆ ಪುಸ್ತಕಕ್ಕೆ ಬಂದು ಕೂತಿವೆ. ಮೆಕ್ಕೆಜೋಳದ ಮಂಡಿಯಲ್ಲಿ ಗುಮಾಸ್ತನಾಗಿದ್ದ ನನ್ನ ಸಹಪಾಠಿಯೊಬ್ಬರು ಆ ದಿನದಿಂದ ಮುಂದಿನ ಬೆಂಚಿಗೆ ಬಂದರು.

ಇಪ್ಪತ್ತೊಂದರ ಮೇಲಿನ ಎಣಿಕೆಯನ್ನು ಕಲಿಸಿದ ರೀತಿಗೆ ಪೂರ್ಣ ಅಂಕ ಕೊಡಬೇಕು. ಕನ್ನಡದಲ್ಲಿ ನಾವು ಹತ್ತುಗಳನ್ನು ಮೊದಲು ಹೇಳಿ ಬಿಡಿಯನ್ನು ಆಮೇಲೆ ಸೇರಿಸುತ್ತೇವೆ. ಅರಬ್ಬಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ನಲವತ್ತೇಳು ಎಂಬುದು ಅಲ್ಲಿ ‘ಏಳು ಮತ್ತು ನಲವತ್ತು’, ಅಂದರೆ ಸಬ್ಅ ವ ಅರ್ಬಈನ್. ಮನೆಯಲ್ಲಿ ಉರ್ದು ಆಡುವ ಸಹಪಾಠಿಗಳಿಗೆ ಇದು ಬೇಗ ಹಿಡಿಸಿತು, ಅವರ ಪಚ್ಚೀಸ್‌ನಲ್ಲಿಯೂ ಐದೇ ಮುಂದೆ ನಿಂತಿದೆಯಲ್ಲ. ನೂರು ಬಂದಾಗ ಕ್ರಮ ಇನ್ನೂ ತೊಡಕಾಗುತ್ತದೆ: 125 ಎನ್ನುವುದನ್ನು ನೂರು, ಐದು, ಇಪ್ಪತ್ತು ಎಂಬ ಸರದಿಯಲ್ಲಿ ಹೇಳುತ್ತಾರೆ, ಬರೆಯುವಾಗ ಮಾತ್ರ ನಮ್ಮಂತೆಯೇ ದೊಡ್ಡ ಸ್ಥಾನ ಎಡಕ್ಕೆ ಇರುತ್ತದೆ. ಇದಕ್ಕೆ ಶಿಕ್ಷಕರು ಹೇಳಿಕೊಟ್ಟ ಉಪಾಯ ಸರಳವಾದದ್ದು. ಯಾರಾದರೂ ಸಂಖ್ಯೆ ಹೇಳುತ್ತಿದ್ದರೆ ಹಾಳೆಯ ಮೇಲೆ ಒಂದು ಅಂಕಿಯಷ್ಟು ಜಾಗ ಖಾಲಿ ಬಿಟ್ಟು ಬಿಡಿಯನ್ನು ಮೊದಲು ಬರೆಯಬೇಕು, ಹತ್ತು ಕಿವಿಗೆ ಬಿದ್ದ ಮೇಲೆ ಹಿಂದಕ್ಕೆ ಬಂದು ಆ ಜಾಗವನ್ನು ತುಂಬಬೇಕು. ರೋಗಿಗಳ ಮೊಬೈಲ್ ಸಂಖ್ಯೆಯನ್ನು ಜೋಡಿ ಅಂಕಿಗಳಲ್ಲಿ ಬರೆದುಕೊಳ್ಳುವಾಗ ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.

ಆದರೆ ಬರವಣಿಗೆಯ ಅಂಕಿಗಳಿಗೆ ಅವರು ಕೊಟ್ಟದ್ದು ಅರ್ಧ ಗಂಟೆ ಮಾತ್ರ, ಇದು ನನ್ನ ಮೊದಲ ದೂರು. ಈಜಿಪ್ಟಿನಿಂದ ಪೂರ್ವಕ್ಕಿರುವ ಅರಬ್ ನಾಡುಗಳಲ್ಲಿ ಅಂಗಡಿಯ ಬೆಲೆಚೀಟಿ, ವಾಹನದ ಫಲಕ, ನೋಟುಗಳ ಮೇಲೆ ಹೆಚ್ಚಾಗಿ ಬೇರೆಯೇ ರೂಪದ ಅಂಕಿಗಳಿರುತ್ತವೆ. ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾಗಳಲ್ಲಾದರೆ ನಮಗೆ ಪರಿಚಿತವಾದ 1, 2, 3 ನಡೆಯುತ್ತದೆ. ಆ ಪೂರ್ವದ ಅಂಕಿಗಳಲ್ಲಿ ಸೊನ್ನೆ ಎಂದರೆ ಒಂದು ಚುಕ್ಕಿ, ಮತ್ತು ಐದು ಎಂದರೆ ನಮ್ಮ ಕನ್ನಡದ ಸೊನ್ನೆಯನ್ನೇ ಹೋಲುವ ದುಂಡು. ಆರು ನೋಡಲು ಇಂಗ್ಲಿಷ್ ಏಳಿನಂತಿದೆ. ಕನ್ನಡಿಗರ ಕಣ್ಣಿಗೆ ಇದಕ್ಕಿಂತ ದೊಡ್ಡ ಬಲೆ ಬೇಕಿಲ್ಲ, ಆದರೂ ಪುಸ್ತಕದಲ್ಲಿ ಇದಕ್ಕೆ ಪುಟವೇ ಇಲ್ಲ. ಜೆಡ್ಡಾಕ್ಕೆ ಹೋದ ಹೊಸದರಲ್ಲಿ ಕಿರಾಣಿ ಅಂಗಡಿಯ ಬೆಲೆಚೀಟಿಯಲ್ಲಿದ್ದ ಹದಿನೈದನ್ನು ಹತ್ತು ಎಂದು ಓದಿ, ಹತ್ತರ ನೋಟು ಚಾಚಿಕೊಂಡು ನಿಂತವಳು ನಾನು.

ಈ ತರಗತಿಯ ನಿಜವಾದ ಬೆಲೆ ಇರುವುದು ಎರಡನೆಯ ವಾರದ ಕೊನೆಗೆ ಅವರು ಹಂಚಿದ ಒಂದೇ ಒಂದು ಹಾಳೆಯಲ್ಲಿ. ಅದರಲ್ಲಿ ಗ್ರಾಂಥಿಕ ಅರಬ್ಬಿ, ಕೊಲ್ಲಿ, ಈಜಿಪ್ಟ್, ಮೊರೊಕ್ಕೊ ಎಂದು ನಾಲ್ಕು ಕಂಬಸಾಲುಗಳಿದ್ದು, ಒಂದರಿಂದ ಇಪ್ಪತ್ತರವರೆಗಿನ ಹೆಸರುಗಳು ಅಕ್ಕಪಕ್ಕದಲ್ಲಿವೆ. ಅಡ್ಡಡ್ಡಲಾಗಿ ಓದಿದರೆ ಎಲ್ಲಿ ಬದಲಾಗುತ್ತದೆ, ಎಲ್ಲಿ ಬದಲಾಗುವುದಿಲ್ಲ ಎಂಬುದು ಕಣ್ಣಿಗೆ ಕಟ್ಟುತ್ತದೆ. ಐದು, ಆರು, ಏಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಎರಡು, ಮೂರು, ಎಂಟರಲ್ಲಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಗಾಳಿ ಬಿಡುವ ಒಂದು ಧ್ವನಿಯಿದೆ; ಈಜಿಪ್ಟಿನವರು ಅದನ್ನು ‘ತ’ ಮಾಡಿಕೊಂಡು ಇತ್ನೇನ್, ತಲಾತಾ, ತಮಾನ್ಯಾ ಎನ್ನುತ್ತಾರೆ. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಭೇದ ಇನ್ನೂ ಸ್ಪಷ್ಟ: ಈಜಿಪ್ಟಿನ ಖಮಸ್ತಾಶರ್ ಕೊನೆಯಲ್ಲಿ ‘ರ್’ ಉಳಿಸಿಕೊಂಡರೆ, ಕೊಲ್ಲಿಯ ಮಾತು ಅದನ್ನು ನುಂಗಿ ‘ಅಶ್’ ಎಂಬಲ್ಲಿಗೇ ನಿಲ್ಲಿಸುತ್ತದೆ. ಮೊರೊಕ್ಕೊದಲ್ಲಿ ಒಂಬತ್ತು ತ್ಸಊದ್ ಆಗುತ್ತದೆ, ಎರಡು ಬೇರೆ ಪದವೇ ಆಗಿಬಿಡುತ್ತದೆ: ಜೂಜ್. ಶಿಕ್ಷಕರು ಇದನ್ನು ಓದಿದಾಗ ತರಗತಿಯಲ್ಲಿ ನಗು ತಡೆಯಲಾಗಲಿಲ್ಲ, ಇಸ್ಪೀಟಿನ ಜೂಜಿಗೆ ಇಬ್ಬರು ಸಾಕೇ ಸರ್ ಎಂದು ಹಿಂದಿನಿಂದ ಒಬ್ಬರು ಕೇಳಿದರು. ಅದು ಜೋಡಿ ಎಂಬ ಅರ್ಥದ ಪದದಿಂದ ಬಂದದ್ದೆಂದು ಅವರು ವಿವರಿಸಿದರು. ಅದೇ ಮೊರೊಕ್ಕೊದವರು ಇಪ್ಪತ್ತೆರಡು ಹೇಳುವಾಗ ಮಾತ್ರ ಜೂಜ್ ಬಿಟ್ಟು ಹಳೆಯ ತ್ನೀನ್‌ಗೆ ಮರಳುತ್ತಾರೆ.

ನಮ್ಮಲ್ಲಿ ಕೆಲವರಿಗೆ ಈ ಹಾಳೆ ಆಡಂಬರವೆನಿಸಿತ್ತು, ಹೋಗುವುದು ಸೌದಿಗೆ, ಮೊರೊಕ್ಕೊ ಏಕೆ ಎಂದು ಗೊಣಗಿದ್ದರು. ಆದರೆ ಜೆಡ್ಡಾ, ಮೆಕ್ಕಾಗೆ ಉಮ್ರಾ ಯಾತ್ರೆ ಹೋಗುವವರು ನಾನಾ ದೇಶಗಳಿಂದ ಬಂದಿಳಿಯುವ ಊರು. ನನ್ನ ಎರಡನೆಯ ತಿಂಗಳಲ್ಲಿ ಮೊರೊಕ್ಕೊದ ಹೆಂಗಸೊಬ್ಬರು ಜ್ವರವೆಂದು ಬಂದಾಗ, ಎಷ್ಟು ಮಕ್ಕಳು ಎಂಬ ಪ್ರಶ್ನೆಗೆ ಜೂಜ್ ಎಂದರು. ನನ್ನ ಪಕ್ಕದಲ್ಲಿದ್ದ ಕೇರಳದ ಹಿರಿಯ ನರ್ಸ್, ನನಗಿಂತ ಎಷ್ಟೋ ಚೆನ್ನಾಗಿ ಅರಬ್ಬಿ ಬಲ್ಲವರು, ಮುಖ ಮುಖ ನೋಡಿದರು. ಎರಡು ಎಂದು ಬರೆದುಕೊಂಡವಳು ನಾನು. ಆ ಕ್ಷಣದಲ್ಲಿ 3,500 ರೂಪಾಯಿ ವಸೂಲಾಯಿತು ಎನ್ನಿಸಿತು.

ವಿಚಿತ್ರವೆಂದರೆ, ದೂರದ ಮೊರೊಕ್ಕೊಗೆ ಕಂಬಸಾಲು ಕೊಟ್ಟ ಹಾಳೆ ನಾನು ಹೋಗಿ ನಿಂತ ಊರನ್ನೇ ಬಿಟ್ಟಿತ್ತು. ರಿಯಾದ್‌ನ ಕಿವಿಯುಳ್ಳ ನಮ್ಮ ಶಿಕ್ಷಕರು ಸೌದಿ ಎಂದರೆ ಥಲಾಥಾ ಎಂದೇ ಕಲಿಸಿದ್ದರು. ಜೆಡ್ಡಾ, ಮೆಕ್ಕಾಗಳಿರುವ ಹಿಜಾಜ್ ಭಾಗದ ಪಟ್ಟಣಗಳ ಮಾತಿನಲ್ಲಿ ಅದು ಈಜಿಪ್ಟಿನಂತೆ ತಲಾತಾ, ಎಂಟು ತಮಾನ್ಯಾ. ಆದರೆ ಹದಿಮೂರಕ್ಕೆ ಬಂದರೆ ಈಜಿಪ್ಟಿನ ‘ಅಶರ್’ ಅಲ್ಲ, ಕೊಲ್ಲಿಯವರಂತೆ ‘ಅಶ್’. ಒಂದೇ ಊರಿನ ಬಾಯಲ್ಲಿ ಎರಡು ಕಂಬಸಾಲುಗಳು ಬೆರೆತಿವೆ. ಸಿರಿಯಾ, ಜೋರ್ಡಾನ್ ಕಡೆಯ ಮಾತಿಗೂ ಹಾಳೆಯಲ್ಲಿ ಜಾಗವಿಲ್ಲ, ಆ ಕಡೆಯ ಸಹೋದ್ಯೋಗಿಗಳು ಎಲ್ಲ ಆಸ್ಪತ್ರೆಗಳಲ್ಲೂ ಸಿಗುತ್ತಾರೆ. ಕಲಿತ ಕ್ರಮ ಕೈಯಲ್ಲಿದ್ದುದರಿಂದ ಹಿಜಾಜಿನ ಐದನೆಯ ಸಾಲನ್ನು ನಾನೇ ಬರೆದುಕೊಂಡೆ ಎಂಬುದು ಬೇರೆ ಮಾತು.

ಎರಡು ಎಂಬ ಸಂಖ್ಯೆಯ ವಿಷಯದಲ್ಲಿ ಆದ ಲೋಪ ಇದಕ್ಕಿಂತ ಗಂಭೀರವಾದದ್ದು. ಅರಬ್ಬಿಯಲ್ಲಿ ಎರಡು ವಸ್ತುಗಳೆಂದರೆ ಸಾಮಾನ್ಯವಾಗಿ ಎರಡು ಎಂಬ ಪದವನ್ನೇ ಆಡುವುದಿಲ್ಲ, ವಸ್ತುವಿನ ಹೆಸರಿಗೆ ‘ಏನ್’ ಎಂಬ ಬಾಲ ಹಚ್ಚುತ್ತಾರೆ: ಯೋಮ್ ಎಂದರೆ ದಿನ, ಯೋಮೇನ್ ಎಂದರೆ ಎರಡು ದಿನ. ಸಂಸ್ಕೃತದ ದ್ವಿವಚನ ಓದಿದವರಿಗೆ ಇದು ಹೊಸತಲ್ಲ. ತರಗತಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು. ಗುಳಿಗೆಗೆ ಅಲ್ಲಿ ಹಬ್ಬಾ ಎನ್ನುತ್ತಾರೆ (ನಮ್ಮ ಕಿವಿಗೆ ಅದು ದಿನಾ ಹಬ್ಬ). ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರನ್ನು ಬೆಳಿಗ್ಗೆ ಎಷ್ಟು ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ, ಅವರು ಹಬ್ಬತೇನ್ ಎಂದರು. ಇತ್ನೇನ್ ಬರುವುದನ್ನೇ ಕಾಯುತ್ತಿದ್ದ ನನಗೆ ಸಂಖ್ಯೆ ಕೇಳಿಸಲೇ ಇಲ್ಲ. ಹಬ್ಬಾ ಎಂಬಷ್ಟು ಹಿಡಿದು ಒಂದು ಎಂದು ಬರೆದೆ. ಅಜ್ಜಿಯ ಮಗಳು ಹಾಳೆ ನೋಡಿ, ಎರಡು ಬೆರಳೆತ್ತಿ ತೋರಿಸಿ ತಿದ್ದಿಸಿದರು. ತಪ್ಪು ನನ್ನದು, ನಿಜ. ಆದರೂ ದಾದಿಯರು, ಔಷಧಿ ಅಂಗಡಿಯವರು ಸೇರುವ ತರಗತಿಯಲ್ಲಿ ಈ ಒಂದು ಬಾಲಕ್ಕೆ ಮೂರು ದಿನ ಮೀಸಲಿಡಬೇಕಿತ್ತು.

ಆ ಮೂರು ದಿನ ಎಲ್ಲಿ ಹೋದವೆಂದರೆ, ಗ್ರಾಂಥಿಕ ಅರಬ್ಬಿಯ ಲಿಂಗನಿಯಮಕ್ಕೆ. ಮೂರರಿಂದ ಹತ್ತರವರೆಗೆ ಗಂಡು ಪದಕ್ಕೆ ಹೆಣ್ಣು ರೂಪದ ಸಂಖ್ಯೆ, ಹೆಣ್ಣು ಪದಕ್ಕೆ ಗಂಡು ರೂಪದ್ದು ಎಂಬ ತಲೆಕೆಳಗಾದ ನಿಯಮ ಅದು; ಚೆಂದವಾದದ್ದು, ಬರೆಯುವವರಿಗೆ ಬೇಕಾದದ್ದು, ಆದರೆ ಆಡುಮಾತುಗಳು ಅದನ್ನು ಬಹುಮಟ್ಟಿಗೆ ಕೈಬಿಟ್ಟಿವೆ. ಬದಲಿಗೆ ಸಂಖ್ಯೆ ಮುಂದಿನ ಪದಕ್ಕೆ ಅಂಟುವ ಬಗೆಯನ್ನು ಕಲಿಸಿದ್ದರೆ ಉಪಕಾರವಾಗುತ್ತಿತ್ತು. ಈಜಿಪ್ಟಿನ ವೈದ್ಯರು ಐದು ದಿನ ಔಷಧ ಎನ್ನಲು ಖಮಸ್ ತಿಯ್ಯಾಮ್ ಎಂದಾಗ, ತಿಯ್ಯಾಮ್ ಎಂಬುದು ಯಾವ ಮದ್ದು ಎಂದು ನಾನು ಒಂದು ವಾರ ಯೋಚಿಸಿದ್ದೆ. ಅದು ಅಯ್ಯಾಮ್, ಅಂದರೆ ದಿನಗಳು. ಖಮ್ಸಾದೊಳಗೆ ಅಡಗಿದ್ದ ಹಳೆಯ ‘ತ’ಕಾರ ದಿನಗಳ ತಲೆಯ ಮೇಲೆ ಬಂದು ಕುಳಿತಿತ್ತು. ನೂರುಗಳಲ್ಲಿಯೂ ಹೀಗೆಯೇ: ಈಜಿಪ್ಟಿನವರ ಮುನ್ನೂರು ತುಲ್ತುಮಿಯ್ಯಾ. ಮೂರು ಮತ್ತು ನೂರು ಸೇರಿ ಮುನ್ನೂರಾಗುವ ಭಾಷೆಯವರಾದ ನಾವು ಇದಕ್ಕೆ ಬೇಸರಪಡುವಂತಿಲ್ಲ.

ಮೂರರಿಂದ ಹತ್ತರವರೆಗೆ ವಸ್ತುವಿನ ಹೆಸರು ಬಹುವಚನದಲ್ಲಿ, ಹನ್ನೊಂದರ ಮೇಲೆ ಏಕವಚನದಲ್ಲಿ ಎಂಬ ನಿಯಮವನ್ನೂ, ಭಾನುವಾರದಿಂದ ಗುರುವಾರದವರೆಗಿನ ವಾರದ ಹೆಸರುಗಳು ಒಂದರಿಂದ ಐದರ ಎಣಿಕೆಯಿಂದಲೇ ಹುಟ್ಟಿವೆ ಎಂಬುದನ್ನೂ ಚೆನ್ನಾಗಿ ಕಲಿಸಿದರು. ಒಮಾನಿನ ರಿಯಾಲ್‌ಗೆ 1,000 ಬೈಸಾ, ಕುವೈತಿನ ದಿನಾರಿಗೆ 1,000 ಫಿಲ್ಸ್, ಸೌದಿಯ ರಿಯಾಲ್‌ಗೆ ಮಾತ್ರ 100 ಹಲಾಲಾ ಎಂದು ಮಸ್ಕತ್ತಿಗೆ ಹೊರಟಿದ್ದವರಿಗೆ ಮೊದಲೇ ಎಚ್ಚರಿಸಿದ್ದು ಒಳ್ಳೆಯ ಕೆಲಸ.

ಇನ್ನು ವ್ಯವಸ್ಥೆಯ ಬಗ್ಗೆ. ತಂಡಕ್ಕೆ 15 ಮಂದಿ ಎಂದು ಹೇಳಿ 32 ಮಂದಿಯನ್ನು ಕೂರಿಸಿದ್ದರು. ರೈಲು ಹೋಗುವಾಗಲೆಲ್ಲ ಪಾಠ ನಿಲ್ಲುತ್ತಿತ್ತು, ಇದಕ್ಕೆ ಯಾರನ್ನೂ ದೂರುವಂತಿಲ್ಲ. ಬೇರೆ ಬೇರೆ ನಾಡಿನವರ ಧ್ವನಿಮುದ್ರಿಕೆ ಕೊಡುತ್ತೇವೆಂದು ಕರಪತ್ರದಲ್ಲಿತ್ತು. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ಶಿಕ್ಷಕರ ದನಿಯೇ, ಈಜಿಪ್ಟೂ ಅವರೇ, ಮೊರೊಕ್ಕೊವೂ ಅವರೇ. ಸ್ಪೈರಲ್ ಹಾಕಿದ ಜೆರಾಕ್ಸ್ ಪುಸ್ತಕದಲ್ಲಿ ಅರಬ್ಬಿಯನ್ನು ಕನ್ನಡ ಅಕ್ಷರದಲ್ಲಿ ಬರೆದಿರುವುದು ಆರಂಭಕ್ಕೆ ಸರಿ, ಆದರೆ ಗಂಟಲಿನ ಆಳದಿಂದ ಬರುವ ಆ ‘ಅ’ಕಾರಕ್ಕೆ ಯಾವ ಗುರುತೂ ಇಲ್ಲದ್ದರಿಂದ ಎಪ್ಪತ್ತರ ಸಬ್ಈನ್ ಮತ್ತು ತೊಂಬತ್ತರ ತಿಸ್ಈನ್ ನಮ್ಮ ಬಾಯಲ್ಲಿ ಫೋನಿನಲ್ಲಿ ಒಂದೇ ಆಗಿ ಕೇಳಿಸುತ್ತವೆ. ಪ್ರಮಾಣಪತ್ರಕ್ಕೆ ಕೊನೆಯ ದಿನ 500 ರೂಪಾಯಿ ಬೇರೆ ಕೇಳಿದರು, ಮೊದಲೇ ತಿಳಿಸಿರಲಿಲ್ಲ. ನಾನು ಕೊಡಲಿಲ್ಲ, ಜೆಡ್ಡಾದಲ್ಲಿ ಯಾರೂ ಅದನ್ನು ಕೇಳಲಿಲ್ಲ.

ಐದಕ್ಕೆ ಮೂರೂವರೆ ಅಂಕ. ಸೇರುವವರು ಶುಲ್ಕ ಕಟ್ಟುವ ಮೊದಲು ತಮ್ಮ ಕೆಲಸದ ಊರನ್ನು ತಿಳಿಸಿ, ಅಲ್ಲಿನ ಎಣಿಕೆ ಹಾಳೆಯಲ್ಲಿದೆಯೇ ಎಂದು ಕೇಳಬೇಕು. ಕಳೆದ ವಾರ ಮಹಡಿ ಹತ್ತಿ ಹೋಗಿ, ನಾನು ಬರೆದುಕೊಂಡಿದ್ದ ಜೆಡ್ಡಾದ ಸಾಲನ್ನು ಶಿಕ್ಷಕರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಗಟ್ಟಿಯಾಗಿ ಓದಿ, ತಲಾತಾ ಎಂಬಲ್ಲಿ ನಿಲ್ಲಿಸಿ, ನಮ್ಮ ರಿಯಾದ್‌ನಲ್ಲಿ ಹೀಗಂದರೆ ನಗುತ್ತಿದ್ದರಮ್ಮ ಎಂದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಮೂಲ ಹಾಳೆಯ ಅಂಚಿನಲ್ಲಿ ಐದನೆಯ ಕಂಬಸಾಲಿಗೆ ಗೆರೆ ಎಳೆದರು.