ಸಂಬಂಧವಿಲ್ಲದ ಹೇಳಿಕೆಗಳನ್ನು ಗುರುತಿಸುವ ಅಭ್ಯಾಸ: 22 ತಿಂಗಳು ಬಳಸಿದ ಮೇಲೆ ಈ ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ

ಈ ಆ್ಯಪ್‌ನ ತಾರ್ಕಿಕ ಸಾಮರ್ಥ್ಯ ವಿಭಾಗದಲ್ಲಿರುವ ‘ಕಾರಣ ಮತ್ತು ಪರಿಣಾಮ’ ಅಧ್ಯಾಯವನ್ನು ನಾನು 22 ತಿಂಗಳಿಂದ ಬಳಸುತ್ತಿದ್ದೇನೆ. ಮೊದಲ 14 ತಿಂಗಳು ಬಳಸಿದ್ದು ನನ್ನದೇ ಬ್ಯಾಂಕ್ ಪರೀಕ್ಷೆಯ ತಯಾರಿಗಾಗಿ. ಆ ಬಳಿಕ, ಧಾರವಾಡದ ಸಪ್ತಾಪುರದಲ್ಲಿ ನಾನು ಓದುತ್ತಿದ್ದ ರೀಡಿಂಗ್ ರೂಮಿಗೆ ಹೊಸದಾಗಿ ಬಂದ ಆರೇಳು ಮಂದಿಗೆ ಭಾನುವಾರಗಳಂದು ಹೇಳಿಕೊಡುವುದಕ್ಕಾಗಿ ಬಳಸುತ್ತಿದ್ದೇನೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು 2019ರಲ್ಲಿ ಅವಕಾಶ ದೊರೆತ ಮೇಲೆ ಕನ್ನಡದಲ್ಲಿಯೇ ಅಭ್ಯಾಸ ಮಾಡಬೇಕೆಂಬ ಆಸೆ ನನಗಿತ್ತು. ಆ ಆಸೆಯಿಂದಲೇ ಇದರ ಕನ್ನಡ ಆವೃತ್ತಿಗೆ ಚಂದಾ ಕಟ್ಟಿದೆ.

ಈ ಬಗೆಯ ಪ್ರಶ್ನೆಗಳಲ್ಲಿ ಎರಡು ಹೇಳಿಕೆಗಳಿರುತ್ತವೆ, ಉತ್ತರಕ್ಕೆ ಈ ಕ್ರಮದಲ್ಲಿ ಐದು ಆಯ್ಕೆಗಳಿರುತ್ತವೆ. ಮೊದಲನೆಯದು ಕಾರಣ, ಎರಡನೆಯದು ಅದರ ಪರಿಣಾಮ. ಎರಡನೆಯದು ಕಾರಣ, ಮೊದಲನೆಯದು ಪರಿಣಾಮ. ಎರಡೂ ಸ್ವತಂತ್ರ ಕಾರಣಗಳು. ಎರಡೂ ಬೇರೆ ಬೇರೆ ಸ್ವತಂತ್ರ ಕಾರಣಗಳ ಪರಿಣಾಮಗಳು. ಎರಡೂ ಒಂದೇ ಮೂಲ ಕಾರಣದ ಪರಿಣಾಮಗಳು. ಮೂರನೆಯ ಮತ್ತು ನಾಲ್ಕನೆಯ ಆಯ್ಕೆಗಳು ಹೇಳುವುದು ಹೇಳಿಕೆಗಳ ನಡುವೆ ಸಂಬಂಧವಿಲ್ಲ ಎಂಬುದನ್ನೇ. ಮೊದಲ ಮೂರು ತಿಂಗಳಲ್ಲಿ ನಾನು ತಪ್ಪು ಮಾಡಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅವುಗಳಲ್ಲಿ ಹೆಚ್ಚಿನವು ಸಂಬಂಧವಿಲ್ಲದ ಕಡೆ ನಾನು ಸಂಬಂಧವನ್ನು ಕಂಡವು.

ಆ್ಯಪ್‌ನ ನಿಜವಾದ ಬೆಲೆ ಇರುವುದು ಈ ತಪ್ಪಿನ ಮೇಲೆ ಅದು ತೋರುವ ಪಟ್ಟಿನಲ್ಲಿ. ಪ್ರತಿ ಪ್ರಶ್ನೆಯ ವಿವರಣೆಯಲ್ಲಿ ಅದು ಕೇಳುವ ಮೊದಲ ಮಾತು, ಎರಡು ಹೇಳಿಕೆಗಳನ್ನು ಜೋಡಿಸಲು ನಾವು ನಮ್ಮ ಕಡೆಯಿಂದ ಎಷ್ಟು ಕೊಂಡಿಗಳನ್ನು ಸೇರಿಸಬೇಕಾಯಿತು ಎಂಬುದು. ಭಾನುವಾರದ ಪಾಠಕ್ಕೆಂದು ನಾನೇ ಇದೇ ಮಾದರಿಯಲ್ಲಿ ಒಂದು ಪ್ರಶ್ನೆ ಮಾಡಿಕೊಂಡಿದ್ದೇನೆ. ಹೇಳಿಕೆ ಒಂದು: 2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಹೇಳಿಕೆ ಎರಡು: 2023ರ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿಗಿಂತ ಮೇಲಿತ್ತು. ಇದನ್ನು ಕೊಟ್ಟಾಗಲೆಲ್ಲ ಯಾರಾದರೊಬ್ಬರು ಬಸ್ ಉಚಿತವಾದ್ದರಿಂದ ಸಂತೆಗೆ ಹೋಗುವವರು ಹೆಚ್ಚಿದರು, ಹೋದವರು ಹೆಚ್ಚು ಕೊಂಡರು, ಬೇಡಿಕೆ ಏರಿದ್ದರಿಂದ ಬೆಲೆ ಏರಿತು ಎಂದು ಹೇಳುತ್ತಾರೆ. ಎಣಿಸಿ ನೋಡಿದರೆ ಇಲ್ಲಿ ಮೂರು ಕೊಂಡಿಗಳಿವೆ. ಮೂರನ್ನೂ ತಂದವರು ನಾವು, ಪ್ರಶ್ನೆಯಲ್ಲಿ ಒಂದೂ ಇಲ್ಲ. ಬೆಲೆ ಏರಿದ್ದು ಮಾರುಕಟ್ಟೆಗೆ ಬರುವ ಫಸಲು ಕುಗ್ಗಿದ್ದರಿಂದ. ಯೋಜನೆ ಬಂದದ್ದು ಸರ್ಕಾರದ ಚುನಾವಣಾ ಭರವಸೆಯಿಂದ. ಎರಡನೆಯ ಹೇಳಿಕೆಯ ಜಾಗದಲ್ಲಿ ‘ಸರ್ಕಾರಿ ಬಸ್ಸುಗಳಲ್ಲಿ ಮಹಿಳಾ ಪ್ರಯಾಣಿಕರ ಸಂಖ್ಯೆ ಏರಿತು’ ಎಂದಿದ್ದರೆ ಕೊಂಡಿ ಸೇರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದರ ಹಿಂದೆ ಒಂದು ನಡೆದದ್ದನ್ನೇ ಕಾರಣವೆಂದು ಬಗೆಯುವ ಈ ಅಭ್ಯಾಸಕ್ಕೆ ನಮ್ಮಲ್ಲಿ ಹಳೆಯ ಹೆಸರುಗಳಿವೆ. ಕಾಗೆ ಬಂದು ಕೂತ ಗಳಿಗೆಯಲ್ಲಿಯೇ ತಾಳೆಯ ಹಣ್ಣು ಉದುರಿದ್ದನ್ನು ಹೇಳುವ ‘ಕಾಕತಾಳೀಯ’ ಎಂಬ ಮಾತು ಎಲ್ಲರಿಗೂ ಗೊತ್ತು. ಅದಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರದವರು ಹೇಳುವ ಕುಂಬಾರನ ಕತ್ತೆಯ ಉದಾಹರಣೆ. ಮಡಕೆಗೆ ಬೇಕಾದ ಮಣ್ಣನ್ನು ಹೊತ್ತು ತಂದದ್ದು ಕತ್ತೆಯೇ. ಮಡಕೆಗಿಂತ ಮುಂಚೆ ಅದು ಅಲ್ಲಿ ಇದ್ದದ್ದೂ ನಿಜ. ಆದರೂ ಮಡಕೆಗೆ ಅದು ಕಾರಣವಲ್ಲ, ಏಕೆಂದರೆ ಮಣ್ಣು ಬೇರೆ ದಾರಿಯಲ್ಲಿ ಬಂದಿದ್ದರೂ ಮಡಕೆ ಆಗುತ್ತಿತ್ತು. ಕುಂಬಾರನ ತಂದೆಯನ್ನೂ, ಚಕ್ರ ತಿರುಗಿಸುವ ಕೋಲಿನ ಬಣ್ಣವನ್ನೂ ಅವರು ಹೀಗೆಯೇ ಬದಿಗಿಟ್ಟು, ಇಂಥವುಗಳನ್ನು ‘ಅನ್ಯಥಾಸಿದ್ಧ’, ಅಂದರೆ ಕಾರ್ಯಕ್ಕೆ ಅನಿವಾರ್ಯವಲ್ಲದವು, ಎಂದು ಕರೆದರು. ಆ್ಯಪ್‌ನಲ್ಲಿ ಈ ಉದಾಹರಣೆ ಎಲ್ಲಿಯೂ ಇಲ್ಲ, ಆದರೆ ಅದರ ವಿವರಣೆಗಳು ಮಾಡಿಸುವ ಪರೀಕ್ಷೆ ಇದೇ: ಮೊದಲ ಹೇಳಿಕೆಯನ್ನು ತೆಗೆದುಹಾಕಿ ನೋಡಿ, ಎರಡನೆಯದು ಆಗಲೂ ನಡೆಯುತ್ತಿತ್ತೇ? ಕತ್ತೆಯ ಮಾತನ್ನು ಒಮ್ಮೆ ಹೇಳಿದ ಮೇಲೆ ನಮ್ಮ ಗುಂಪಿನವರಿಗೆ ಈ ಪರೀಕ್ಷೆ ಮರೆತಿಲ್ಲ.

ಸ್ಥಳದ ಸಾಮೀಪ್ಯವೂ ಕಾಲದ ಸಾಮೀಪ್ಯದಷ್ಟೇ ದಾರಿ ತಪ್ಪಿಸುತ್ತದೆ. ಕೃಷ್ಣರಾಜಸಾಗರ ತನ್ನ ಗರಿಷ್ಠ ಮಟ್ಟವಾದ 124.80 ಅಡಿ ತಲುಪಿತು ಎಂಬುದು ಒಂದು ಹೇಳಿಕೆ. ದಸರಾ ಗಜಪಡೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಮೈಸೂರಿಗೆ ಪ್ರಯಾಣ ಹೊರಟಿತು ಎಂಬುದು ಇನ್ನೊಂದು. ಎರಡೂ ಮೈಸೂರಿನ ಸುತ್ತಲಿನ ಸುದ್ದಿಗಳು, ಎರಡೂ ಮಳೆಗಾಲದ ತಿಂಗಳುಗಳಲ್ಲಿ ಒಂದೇ ಪುಟದಲ್ಲಿ ಕಾಣಿಸಬಹುದಾದವು. ಆದರೆ ಜಲಾಶಯ ತುಂಬುವುದು ಕೊಡಗಿನ ಮಳೆಯಿಂದ, ಆನೆಗಳು ಹೊರಡುವುದು ಹಬ್ಬದ ತಿಥಿಯ ಲೆಕ್ಕದಿಂದ. ಉತ್ತರ ನಾಲ್ಕನೆಯ ಆಯ್ಕೆ.

ಆರನೆಯ ತಿಂಗಳ ಹೊತ್ತಿಗೆ ನನ್ನ ತಪ್ಪು ಇನ್ನೊಂದು ದಿಕ್ಕಿಗೆ ಹೊರಳಿತು. ಎಲ್ಲದಕ್ಕೂ ಸಂಬಂಧವಿಲ್ಲ ಎನ್ನತೊಡಗಿದೆ. ಕೊಡಗಿನ ಶಾಲೆಗಳಿಗೆ ರಜೆ ಘೋಷಿಸಲಾಯಿತು, ಕೃಷ್ಣರಾಜಸಾಗರದ ಒಳಹರಿವು ಹೆಚ್ಚಿತು ಎಂಬ ಜೋಡಿಯನ್ನು ಕಂಡಾಗ, ರಜೆಗೂ ಒಳಹರಿವಿಗೂ ಏನು ಸಂಬಂಧ ಎಂದುಕೊಂಡು ನಾಲ್ಕನ್ನು ಗುರುತು ಮಾಡಿದೆ. ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬಷ್ಟು ಸರಿಯಿತ್ತು. ಆದರೆ ಎರಡರ ಹಿಂದೆಯೂ ಇದ್ದದ್ದು ಒಂದೇ ಭಾರಿ ಮಳೆ, ಆದ್ದರಿಂದ ಉತ್ತರ ಐದನೆಯದು. ಪರಸ್ಪರ ಕಾರಣವಲ್ಲದಿರುವುದು ಬೇರೆ, ಸಂಬಂಧವೇ ಇಲ್ಲದಿರುವುದು ಬೇರೆ ಎಂಬ ಈ ಭೇದವನ್ನು ಆ್ಯಪ್ ಚೆನ್ನಾಗಿ ಕಲಿಸುತ್ತದೆ. ನಾಲ್ಕು ಮತ್ತು ಐದನೆಯ ಉತ್ತರಗಳಿರುವ ಪ್ರಶ್ನೆಗಳನ್ನು ಬೆರೆಸಿ ಕೊಡುವ 20 ಪ್ರಶ್ನೆಗಳ ಅಭ್ಯಾಸ ಪರೀಕ್ಷೆಗಳನ್ನು ನಾನು ಇಂದಿಗೂ ಮತ್ತೆ ಮತ್ತೆ ಮಾಡಿಸುತ್ತೇನೆ. ಇಡೀ ಅಧ್ಯಾಯದಲ್ಲಿ ಅತ್ಯುತ್ತಮವಾದ ಭಾಗ ಅದು.

ಕೊರತೆಗಳಲ್ಲಿ ದೊಡ್ಡದು ಮೂರನೆಯ ಮತ್ತು ನಾಲ್ಕನೆಯ ಆಯ್ಕೆಗಳ ನಡುವಿನ ಗೊಂದಲ. ಸಂಬಂಧವಿಲ್ಲ ಎಂದು ತೀರ್ಮಾನಿಸಿದ ಮೇಲೆ, ಹೇಳಿಕೆಗಳು ಕಾರಣಗಳೋ ಪರಿಣಾಮಗಳೋ ಎಂಬುದು ಉಳಿಯುತ್ತದೆ. ಲೋಕದ ಪ್ರತಿಯೊಂದು ಘಟನೆಗೂ ಹಿಂದೆ ಒಂದು ಕಾರಣವೂ ಮುಂದೆ ಒಂದು ಪರಿಣಾಮವೂ ಇರುವುದರಿಂದ ಇದು ಸ್ವಭಾವತಃ ಜಟಿಲವಾದ ಪ್ರಶ್ನೆ, ಇದನ್ನು ಒಪ್ಪಬೇಕು. ಹೇಳಿಕೆಯನ್ನು ಓದಿದ ಕೂಡಲೇ ‘ಏಕೆ ಹೀಗಾಯಿತು’ ಎಂಬ ಪ್ರಶ್ನೆ ಏಳುತ್ತದೆಯೋ, ‘ಇದರಿಂದ ಮುಂದೇನಾದೀತು’ ಎಂಬ ಪ್ರಶ್ನೆ ಏಳುತ್ತದೆಯೋ ಎಂದು ನೋಡುವುದು ನಾನು ಕಂಡುಕೊಂಡ ದಾರಿ. ಆ್ಯಪ್ ಮಾತ್ರ ಇಲ್ಲಿ ಯಾವ ನಿಯಮವನ್ನೂ ಹೇಳದೆ, ಒಂದೇ ಬಗೆಯ ಜೋಡಿಗೆ ಒಂದು ಪರೀಕ್ಷೆಯಲ್ಲಿ ಮೂರನೆಯ, ಇನ್ನೊಂದರಲ್ಲಿ ನಾಲ್ಕನೆಯ ಆಯ್ಕೆಯನ್ನು ಸರಿಯುತ್ತರವೆಂದು ಕೊಟ್ಟಿದೆ. ನಾನು ದೂರು ಬರೆದ ಮೇಲೆ ಕೆಲವನ್ನು ತಿದ್ದಿದರು, ಕೆಲವು ಹಾಗೆಯೇ ಉಳಿದಿವೆ.

ಹಾಗೆಂದು ಇಂಥ ಪ್ರಶ್ನೆಗಳನ್ನು ಬಿಟ್ಟುಬಿಡಬೇಕಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ, ಐದು ಆಯ್ಕೆಗಳ ನಡುವೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಗಳಿಕೆ ಸೊನ್ನೆ. ಮೂರು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿ ಎರಡರಲ್ಲಿ ಮಾತ್ರ ಸಂದೇಹ ಉಳಿದಿದ್ದರೆ, ಒಂದು ಅಂಕದ ಪ್ರಶ್ನೆಗೆ ಸರಾಸರಿ 0.375 ಅಂಕ ದೊರೆಯುತ್ತದೆ. ಸಂಬಂಧವಿಲ್ಲ ಎಂಬುದನ್ನಷ್ಟೇ ಖಚಿತವಾಗಿ ಗುರುತಿಸಬಲ್ಲವರಿಗೂ ಇಷ್ಟು ಲಾಭ ಇದ್ದೇ ಇದೆ.

ನನಗೆ ಹೆಚ್ಚು ನೋವಾಗಿರುವುದು ಕನ್ನಡದ ವಿಷಯದಲ್ಲಿ. ಐದನೆಯ ಆಯ್ಕೆಯನ್ನು ಆರಂಭದಿಂದಲೂ ‘ಎರಡೂ ಹೇಳಿಕೆಗಳು ಸಾಮಾನ್ಯ ಕಾರಣದ ಪರಿಣಾಮಗಳು’ ಎಂದು ಬರೆಯಲಾಗಿದೆ. ‘ಸಾಮಾನ್ಯ’ ಎಂದರೆ ಎರಡಕ್ಕೂ ಸಮಾನವಾದದ್ದು ಎಂಬ ಅರ್ಥ ಶಾಸ್ತ್ರದಲ್ಲಿ ಇರಬಹುದು. ಹಳ್ಳಿಯಿಂದ ಬಂದು ಕನ್ನಡ ಮಾಧ್ಯಮದಲ್ಲಿಯೇ ಓದಿದ ಹುಡುಗಿಯೊಬ್ಬಳು ಅದನ್ನು ವಿಶೇಷವಲ್ಲದ, ಮಾಮೂಲಿ ಕಾರಣ ಎಂದು ತಿಳಿದು ಎರಡು ವಾರ ಆ ಆಯ್ಕೆಯನ್ನು ಮುಟ್ಟಲೇ ಇಲ್ಲ. ‘ಒಂದೇ ಕಾರಣದ ಪರಿಣಾಮಗಳು’ ಎಂದು ಬರೆದಿದ್ದರೆ ಅವಳ ಎರಡು ವಾರ ಉಳಿಯುತ್ತಿತ್ತು. ಇನ್ನು ಕೆಲವು ಹೇಳಿಕೆಗಳಲ್ಲಿ, ಮೂಲದಲ್ಲಿ ಕೇವಲ ಅನುಕ್ರಮವನ್ನು ಸೂಚಿಸುವ ಕಡೆ, ಕನ್ನಡದಲ್ಲಿ ‘ಹಿನ್ನೆಲೆಯಲ್ಲಿ’ ಎಂಬ ಪದವನ್ನು ಸೇರಿಸಲಾಗಿದೆ. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಆ ಪದಕ್ಕೆ ಕಾರಣವೆಂಬ ಅರ್ಥವೇ ಬಂದುಬಿಟ್ಟಿದೆ: ಮಳೆಯ ಹಿನ್ನೆಲೆಯಲ್ಲಿ ರಜೆ ಎಂದರೆ ಮಳೆಯಿಂದಾಗಿ ರಜೆ. ಸಂಬಂಧವಿದೆಯೇ ಎಂದು ಕೇಳುವ ಪ್ರಶ್ನೆಯೊಳಗೆ ಸಂಬಂಧವನ್ನು ಅನುವಾದವೇ ತಂದು ಕೂರಿಸಿದರೆ ಕನ್ನಡದಲ್ಲಿ ಬರೆಯುವವರಿಗೆ ಅನ್ಯಾಯವಾಗುತ್ತದೆ.

ವಿಡಿಯೊ ಪಾಠಗಳನ್ನು ನಾನು ಹೆಚ್ಚು ನೋಡಿಲ್ಲ. ಪ್ರಶ್ನೆಗಳನ್ನು ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಬಿಡಿಸಬಹುದೆಂಬುದು ಊರಿಗೆ ಹೋದಾಗ ಅನುಕೂಲವಾಗಿದೆ. ಎರಡನೆಯ ವರ್ಷಕ್ಕೂ ಚಂದಾ ಕಟ್ಟಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಐದನೆಯ ಆಯ್ಕೆಯ ಆ ಒಂದು ಪದವನ್ನು ತಿದ್ದಿದ ದಿನ ಅದನ್ನು ನಾಲ್ಕಕ್ಕೆ ಏರಿಸುತ್ತೇನೆ. ಅಲ್ಲಿಯವರೆಗೆ ಕನ್ನಡ ಆವೃತ್ತಿ ಬಳಸುವವರು ಪ್ರಶ್ನೆ ಬಿಡಿಸುವ ಮೊದಲು ಐದು ಆಯ್ಕೆಗಳನ್ನೂ ತಮ್ಮದೇ ಮಾತಿನಲ್ಲಿ ಒಂದು ಚೀಟಿಯ ಮೇಲೆ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.