ಬರ್ಗನ್‌ನಲ್ಲಿ ರಾಜರ ಜಗಳದ ನಡಿಗೆ: ಎರಡು ಸಲ ಹೋಗಿ ಬಂದೆ

ಈ ನಡಿಗೆಗೆ ನಾನು ಎರಡು ಸಲ ಹೋದೆ. ಮೊದಲ ಸಲ ಬೇಜಾರು ಮಾಡಿಕೊಂಡು ವಾಪಸ್ ಬಂದೆ. ಎರಡನೇ ಸಲ ಎಲ್ಲ ಮುಗಿದ ಮೇಲೂ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ. ನಡೆಸುವುದು ಇಬ್ಬರೇ ಗೈಡ್‌ಗಳಿರುವ ಸಣ್ಣ ಸಂಸ್ಥೆ. ದೂರನ್ನೂ ಬರೆಯುತ್ತಿದ್ದೇನೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ತಲೆಗೆ 390 ಕ್ರೋನರ್, ಎರಡೂವರೆ ಗಂಟೆ, ಮಾತೆಲ್ಲ ಇಂಗ್ಲಿಷ್‌ನಲ್ಲಿ. ವಿಷಯ ಒಂದೇ: 1130ರಿಂದ 1240ರವರೆಗೆ ನಾರ್ವೆಯ ಸಿಂಹಾಸನಕ್ಕಾಗಿ ನಡೆದ ಕಾದಾಟ. ನೂರಾ ಹತ್ತು ವರ್ಷದ ಕಥೆ. ಅದರಲ್ಲಿ ತುಂಬ ಪಾಲು ನಡೆದದ್ದು ಇದೇ ಬರ್ಗನ್‌ನಲ್ಲಿ, ನಾನು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ಜಾಗಗಳಲ್ಲಿ.

ನಾನು ನರ್ಸ್. ಸುಟ್ಟಗಾಯದ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ಸಲ ಹೋದದ್ದು ಜುಲೈ ತಿಂಗಳ ಒಂದು ಶನಿವಾರ. ಹದಿನೈದು ಜನಕ್ಕಿಂತ ಜಾಸ್ತಿ ಇರುವುದಿಲ್ಲ ಅಂತ ಬುಕಿಂಗ್ ಮಾಡುವಾಗ ಬರೆದಿತ್ತು. ಹೋಗಿ ನೋಡಿದರೆ ಇಪ್ಪತ್ತಾರು ಜನ. ಮಳೆ ಬೇರೆ. ಕೋಟೆಯ ಪಕ್ಕದ ದಕ್ಕೆಯಲ್ಲಿ ಎರಡು ದೊಡ್ಡ ಪ್ರವಾಸಿ ಹಡಗು ನಿಂತಿದ್ದವು, ಅವುಗಳಿಂದ ಇಳಿದವರ ಗದ್ದಲದಲ್ಲಿ ಹಿಂದಿನ ಸಾಲಿಗೆ ಅರ್ಧ ಮಾತೂ ಕೇಳಿಸಲಿಲ್ಲ. ರಾಜವಂಶದ ನಕ್ಷೆ ಅಂತ ಕೈಗೊಂದು ಹಾಳೆ ಕೊಟ್ಟರು. ಹತ್ತೇ ನಿಮಿಷದಲ್ಲಿ ಅದು ನೆನೆದು ಮುದ್ದೆಯಾಯಿತು. ಈ ಕಥೆಗೆ ನಕ್ಷೆ ಇಲ್ಲದಿದ್ದರೆ ಆಗುವುದೇ ಇಲ್ಲ. ಮೂರು ಜನ ಮಾಗ್ನುಸ್, ನಾಲ್ಕು ಜನ ಸಿಗುರ್ಡ್, ಮೂರು ಜನ ಹೋಕನ್. ಯಾರು ಯಾರ ಮಗ ಅನ್ನುವುದೇ ಇಡೀ ಜಗಳ ಆಗಿರುವಾಗ, ಆ ಹಾಳೆಗೆ ಒಂದು ಪ್ಲಾಸ್ಟಿಕ್ ಹೊದಿಕೆ ಹಾಕಬಾರದಾ?

ಗೈಡ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ವಿಷಯ ಗೊತ್ತಿತ್ತು, ಸಮಯ ಇರಲಿಲ್ಲ. ಆದರೆ ನಾನು ಯಾವುದನ್ನು ಕೇಳಲೆಂದೇ ಹೋಗಿದ್ದೆನೋ ಆ ಭಾಗವನ್ನು ಮೂರು ನಿಮಿಷದಲ್ಲಿ ಮುಗಿಸಿಬಿಟ್ಟ. ಮನೆಗೆ ಬಂದು ಮೇಲ್ ಬರೆದೆ. ಎರಡು ದಿನಕ್ಕೆ ಉತ್ತರ ಬಂತು. ಕ್ಷಮೆ ಕೇಳಿದ್ದರು, ಸೆಪ್ಟೆಂಬರ್‌ನಲ್ಲಿ ಮತ್ತೆ ಬನ್ನಿ, ದುಡ್ಡು ಬೇಡ ಅಂದರು. ಹೋದೆ. ಮಂಗಳವಾರ ಬೆಳಿಗ್ಗೆ, ಏಳೇ ಜನ. ಈ ಸಲ ಗೈಡ್ ವಯಸ್ಸಾದವರು, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹೆಗಲಿಗೆ ಒಂದು ಬಟ್ಟೆ ಚೀಲ. ಇನ್ನು ಮುಂದೆ ಬರೆಯುವುದೆಲ್ಲ ಆ ಮಂಗಳವಾರದ್ದು.

ಶುರು ಮಾರಿಯಾ ಚರ್ಚಿನ ಮುಂದೆ. ಬರ್ಗನ್‌ನಲ್ಲಿ ಇವತ್ತಿಗೂ ನಿಂತಿರುವ ಕಟ್ಟಡಗಳಲ್ಲಿ ಇದೇ ಹಳೆಯದು, ಹನ್ನೆರಡನೇ ಶತಮಾನದ್ದು. ಅವರು ಮೊದಲು ಯಾವ ರಾಜನ ಹೆಸರನ್ನೂ ಎತ್ತಲಿಲ್ಲ. ನಿಯಮ ಹೇಳಿದರು. ರಾಜನ ಮಗ ಆಗಿದ್ದರೆ ಸಾಕು, ಸಿಂಹಾಸನ ಕೇಳಬಹುದು. ಮದುವೆಯಾದವಳ ಮಗನೋ ಅಲ್ಲವೋ ಅನ್ನುವ ಭೇದ ಇಲ್ಲ. ಹಿರಿಯ ಕಿರಿಯ ಅನ್ನುವುದೂ ಇಲ್ಲ. ಇಬ್ಬರು ಮೂವರು ಒಟ್ಟಿಗೆ ಆಳಿದ್ದೂ ಉಂಟು. ಯಾರನ್ನಾದರೂ ರಾಜ ಅಂತ ಒಪ್ಪಬೇಕಾದದ್ದು ಥಿಂಗ್, ಅಂದರೆ ಊರಿನವರು ಸೇರುವ ಸಭೆ. ಒಂದು ಕಡೆಯ ಥಿಂಗ್ ಒಬ್ಬನನ್ನು ಒಪ್ಪಿದರೆ ಇನ್ನೊಂದು ಕಡೆಯದು ಮತ್ತೊಬ್ಬನನ್ನು ಒಪ್ಪಬಹುದು. ಅಧಿಕಾರದ ಆಸೆಗೆ ಕಾದಾಡಿದರು ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ಆಸೆ ಇತ್ತು, ಇಲ್ಲ ಅನ್ನಲ್ಲ. ಆದರೆ ಇಬ್ಬರ ಕೈಯಲ್ಲೂ ನ್ಯಾಯವಾದ ಹಕ್ಕೇ ಇತ್ತು. ಇದು ಅರ್ಥ ಆದ ಮೇಲೆ ಮುಂದಿನದೆಲ್ಲ ಬೇರೆ ಥರ ಕೇಳಿಸಿತು.

1130ರಲ್ಲಿ ಸಿಗುರ್ಡ್ ಅನ್ನುವ ರಾಜ ತೀರಿಕೊಂಡ. ಅವನ ಮಗ ಮಾಗ್ನುಸ್. ಅದಕ್ಕೂ ಮುಂಚೆ ಐರ್ಲೆಂಡ್ ಕಡೆಯಿಂದ ಹಾರಾಲ್ಡ್ ಗಿಲ್ಲೆ ಅನ್ನುವವನು ಬಂದು, ತಾನು ಸಿಗುರ್ಡ್‌ನ ಅಪ್ಪನ ಮಗ ಅಂದಿದ್ದ. ಸಾಕ್ಷಿ ಏನು? ಕಾದು ಕೆಂಪಾದ ಒಂಬತ್ತು ನೇಗಿಲ ಗುಳಗಳ ಮೇಲೆ ಬರಿಗಾಲಲ್ಲಿ ನಡೆದ ಅಂತ ಸಾಗಾ, ಅಂದರೆ ಆ ರಾಜರ ಹಳೆಯ ಕಥನ, ಹೇಳುತ್ತದೆ. ಸಿಗುರ್ಡ್ ಅಥವಾ ಮಾಗ್ನುಸ್ ಬದುಕಿರುವವರೆಗೆ ಸಿಂಹಾಸನ ಕೇಳುವುದಿಲ್ಲ ಅಂತ ಆಣೆ ಮಾಡಿದ್ದ. ಸಿಗುರ್ಡ್ ಸತ್ತ ಕೂಡಲೇ ಕೇಳಿದ. 1135ರ ಜನವರಿಯಲ್ಲಿ ಇದೇ ಊರಿನಲ್ಲಿ ಮಾಗ್ನುಸ್‌ನನ್ನು ಹಿಡಿದು ಕಣ್ಣು ತೆಗೆಸಿದ, ಒಂದು ಪಾದ ಕಡಿಸಿದ, ಮಕ್ಕಳಾಗದಂತೆ ಮಾಡಿಸಿ ಮಠಕ್ಕೆ ಕಳಿಸಿದ. ಮರುವರ್ಷದ ಡಿಸೆಂಬರ್‌ನಲ್ಲಿ ಹಾರಾಲ್ಡ್‌ನನ್ನೂ ಇದೇ ಊರಿನಲ್ಲಿ ರಾತ್ರಿ ಮಲಗಿದ್ದಾಗ ಕೊಂದರು. ಕೊಲ್ಲಿಸಿದವನು ಇನ್ನೊಬ್ಬ ಸಿಗುರ್ಡ್. ಅವನೂ ಅದೇ ಅಪ್ಪನ ಮಗ ಅಂತ ಹೇಳಿಕೊಂಡು ಬಂದವನು.

ಇಲ್ಲಿ ಗೈಡ್ ಸ್ವಲ್ಪ ನಿಂತರು. ಆಮೇಲೆ ರಾಜರಾದವರು ಹಾರಾಲ್ಡ್‌ನ ಮಕ್ಕಳು, ಇನ್ನೂ ಸರಿಯಾಗಿ ಮಾತು ಬಾರದ ಕೂಸುಗಳು ಅಂದರು. ಅದರಲ್ಲಿ ಇಂಗೆ ಅನ್ನುವ ಮಗುವನ್ನು ಒಬ್ಬ ಸರದಾರ ಮೈಮೇಲಿನ ಬಟ್ಟೆಯಲ್ಲಿ ಕಟ್ಟಿಕೊಂಡು ಯುದ್ಧಕ್ಕೇ ಹೋದನಂತೆ. ಆ ಮಗುವಿಗೆ ಬೆನ್ನು ಗೂನಾಯಿತು, ಕಾಲೂ ಸೊರಗಿತು. ಗೂನುಬೆನ್ನಿನ ಇಂಗೆ ಅಂತಲೇ ಇತಿಹಾಸದಲ್ಲಿ ಹೆಸರು ಉಳಿಯಿತು. ನಮ್ಮ ಗುಂಪಿನಲ್ಲಿ ಒಬ್ಬಳು ತಾಯಿ ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದಳು. ಅವಳು ಆ ಮಾತು ಕೇಳಿ ಕೂಸನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡಳು.

ಹಳೆಯ ದಕ್ಕೆ ಬೀದಿ ಬ್ರಿಗ್ಗೆನ್‌ನ ಮರದ ಮನೆಗಳ ಹಿಂದಿನ ಓಣಿಯಲ್ಲಿ ನಡಿಗೆಯ ಅತ್ಯಂತ ಒಳ್ಳೆಯ ಹತ್ತು ನಿಮಿಷ ಸಿಕ್ಕಿತು. ಅವರು ಚೀಲದಿಂದ ಒಂದು ಕಡ್ಡಿ ತೆಗೆದರು. ಗೇಣುದ್ದದ ಮರದ ತುಂಡು, ನಾಲ್ಕು ಬದಿ ಹೆರೆದಿದ್ದು, ಮೇಲೆ ರೂನ್ ಅಕ್ಷರ, ಅಂದರೆ ಇಲ್ಲಿಯವರ ಹಳೆಯ ಲಿಪಿ, ಕೊರೆದಿದ್ದು. ಬ್ರಿಗ್ಗೆನ್‌ನಲ್ಲಿ ಅಗೆದಾಗ ಸಿಕ್ಕ ನೂರಾರು ರೂನ್ ಬರಹಗಳಲ್ಲಿ ಒಂದರ ನಕಲು, ಅವರೇ ಕೊರೆದದ್ದಂತೆ. ಅದೊಂದು ಗುಟ್ಟಿನ ಪತ್ರ. ಬರೆದವರ ಹೆಸರಿಲ್ಲ, ಯಾರಿಗೆ ಅಂತಲೂ ಇಲ್ಲ. ಆ ಪಕ್ಷ ಬಿಟ್ಟು ಬಾ ಅಂತ ಕೇಳಿಕೊಳ್ಳುತ್ತದೆ. ಬರ್ಗನ್‌ನ ಸನ್ಯಾಸಿನಿಯರ ಮಠದಲ್ಲಿ ಓಲಾಫ್ ಹೆಟ್ಟುಸ್ವೈನ್ ಅನ್ನುವವನ ಸೋದರಿ ಇದ್ದಾಳೆ, ಅವಳಿಗೆ ರೂನ್ ಕೊರೆದು ಕಳಿಸು, ರಾಜಿ ಆಗಬೇಕು ಅನ್ನಿಸಿದರೆ ಅವಳನ್ನೂ ನಿನ್ನ ನೆಂಟರನ್ನೂ ಕೇಳು ಅನ್ನುತ್ತದೆ. ಕಡ್ಡಿ ಕೈಯಿಂದ ಕೈಗೆ ಬಂತು. ಹೆಬ್ಬೆರಳಲ್ಲಿ ಅಕ್ಷರದ ಗೀರು ಮುಟ್ಟಿದೆ. ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡು ಹೋಗುವಷ್ಟೇ ದೊಡ್ಡದು. ರಾಜರ ಜಗಳದಲ್ಲಿ ಎರಡು ಕಡೆ ಹಂಚಿಹೋದ ಒಂದು ಮನೆ ಕಣ್ಣಿಗೆ ಕಟ್ಟಿತು. ಇದೊಂದಕ್ಕೇ 390 ಕ್ರೋನರ್ ಕೊಡಬಹುದು. ಶನಿವಾರದ ಗುಂಪಿಗೆ ಇದನ್ನು ತೋರಿಸಿರಲೇ ಇಲ್ಲ. ಇಬ್ಬರು ಗೈಡ್‌ಗಳಿಗೂ ಒಂದೊಂದು ಕಡ್ಡಿ ಬೇಕು.

ಆಮೇಲೆ ಸ್ವೆರ್ರೆಸ್‌ಬೋರ್ಗ್ ಗುಡ್ಡ ಹತ್ತಿಸುತ್ತಾರೆ. ಮಂಡಿನೋವು ಇದ್ದವರು ಕೆಳಗೇ ಕಾಯಬಹುದು. ಮೇಲೆ ನೋಡುವುದಕ್ಕೆ ಕಲ್ಲು ಹುಲ್ಲು ಬಿಟ್ಟರೆ ಹೆಚ್ಚೇನೂ ಇಲ್ಲ. ಹೇಳುವುದು ಸ್ವೆರ್ರೆಯ ಕಥೆ. ಫಾರೋ ದ್ವೀಪಗಳಲ್ಲಿ ಬೆಳೆದು ಪಾದ್ರಿಯಾದವನು, ನಿನ್ನ ಅಪ್ಪ ಹಾರಾಲ್ಡ್ ಗಿಲ್ಲೆಯ ಮಗ, ರಾಜ ಸಿಗುರ್ಡ್ ಮುನ್ ಅಂತ ತಾಯಿ ಹೇಳಿದಳು ಅಂದುಕೊಂಡು 1176ರಲ್ಲಿ ನಾರ್ವೆಗೆ ಬಂದ. ಆಗ ಸಿಂಹಾಸನದಲ್ಲಿದ್ದವನು ಮಾಗ್ನುಸ್ ಎರ್ಲಿಂಗ್ಸನ್. ಅವನಿಗೆ ರಾಜರಕ್ತ ಬಂದದ್ದು ತಾಯಿಯ ಕಡೆಯಿಂದ, ಆದರೆ ಚರ್ಚ್ ಬೆನ್ನಿಗಿತ್ತು. ಬಾಲಕನಾಗಿದ್ದಾಗಲೇ ಬರ್ಗನ್‌ನಲ್ಲಿ ಅವನಿಗೆ ಕಿರೀಟ ತೊಡಿಸಿದ್ದರು. ಅವನ ಕಾಲದಲ್ಲೇ, 1163ರಲ್ಲಿ, ಮದುವೆಯಲ್ಲಿ ಹುಟ್ಟಿದ ಹಿರಿಯ ಮಗನಿಗೇ ಪಟ್ಟ ಅನ್ನುವ ಹೊಸ ಕಾನೂನೂ ಬಂದಿತ್ತು. ಹಳೆಯ ಪದ್ಧತಿ ಸ್ವೆರ್ರೆಯ ಕಡೆ, ಹೊಸ ಕಾನೂನು ಮಾಗ್ನುಸ್‌ನ ಕಡೆ. ಸ್ವೆರ್ರೆಯ ಪಡೆಗೆ ಬಿರ್ಕೆಬೈನರ್ ಅಂತ ಹೆಸರು, ಬಡತನಕ್ಕೆ ಕಾಲಿಗೆ ಬರ್ಚ್ ಮರದ ತೊಗಟೆ ಸುತ್ತಿಕೊಂಡವರು. 1184ರ ಜೂನ್ 15ರಂದು ಸೋಗ್ನ ಫ್ಯೋರ್ಡ್ ಅನ್ನುವ ಕಡಲತೋಳಿನ ಫಿಮ್ರೈಟೆಯಲ್ಲಿ ಮಾಗ್ನುಸ್ ಸತ್ತ, ಸ್ವೆರ್ರೆ ಗೆದ್ದ.

ಸ್ವೆರ್ರೆ ತೀರಿಕೊಂಡದ್ದು 1202ರಲ್ಲಿ, ಬರ್ಗನ್‌ನಲ್ಲೇ. ಸಾಯುವ ಮುಂಚೆ ಎರಡು ಮಾತು ಹೇಳಿದನಂತೆ. ಒಂದು, ನನ್ನ ಮಕ್ಕಳಲ್ಲಿ ಬದುಕಿರುವವನು ಹೋಕನ್ ಒಬ್ಬನೇ, ಬೇರೆ ಯಾರು ಬಂದು ಹೇಳಿಕೊಂಡರೂ ನಂಬಬೇಡಿ. ಇನ್ನೊಂದು, ಸತ್ತ ಮೇಲೆ ನನ್ನ ಮುಖಕ್ಕೆ ಬಟ್ಟೆ ಮುಚ್ಚಬೇಡಿ. ಚರ್ಚ್ ಅವನನ್ನು ಬಹಿಷ್ಕರಿಸಿತ್ತು. ಶಾಪ ಮೈಮೇಲೆ ಕಾಣುತ್ತದಾ ಅಂತ ಸ್ನೇಹಿತರೂ ಶತ್ರುಗಳೂ ನೋಡಲಿ ಅಂದ. ಸತ್ತವರ ಮುಖ ನಾನು ತುಂಬ ನೋಡಿದ್ದೇನೆ. ತನ್ನ ಮುಖವನ್ನೇ ಸಾಕ್ಷಿ ಮಾಡಿಕೊಂಡ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು.

ಈಗ ನಾನು ಕಾಯುತ್ತಿದ್ದ ಭಾಗ. ಕೋಟೆಯೊಳಗಿನ ಹುಲ್ಲುಹಾಸು. ಅಲ್ಲೇ ಹಿಂದೆ ಕ್ರೈಸ್ಟ್ ಚರ್ಚ್ ಇತ್ತು, 1531ರಲ್ಲಿ ಕೆಡವಿದರು. ಸ್ವೆರ್ರೆಯ ಮಗ ಹೋಕನ್ 1204ರ ಜನವರಿ 1ರಂದು ಸತ್ತ. ಅವನು ಸತ್ತ ಮೇಲೆ ಇಂಗಾ ಅನ್ನುವ ಹೆಂಗಸಿಗೆ ಗಂಡುಮಗು ಹುಟ್ಟಿತು, ಅವನದೇ ಮಗು ಅಂದಳು. ಅದಕ್ಕೂ ಹೋಕನ್ ಅಂತಲೇ ಹೆಸರಿಟ್ಟರು. 1206ರ ಚಳಿಗಾಲದಲ್ಲಿ ಆ ಮಗುವನ್ನು ಶತ್ರುಗಳಿಂದ ಕಾಪಾಡಲು ಇಬ್ಬರು ಬಿರ್ಕೆಬೈನರ್‌ಗಳು ಹಿಮದ ಬೆಟ್ಟ ದಾಟಿಸಿದ್ದು ನಾರ್ವೆಯಲ್ಲಿ ಎಲ್ಲರಿಗೂ ಗೊತ್ತು. ಈಗಲೂ ರೆನಾದಿಂದ ಲಿಲ್ಲೆಹಾಮರ್‌ಗೆ 54 ಕಿಲೋಮೀಟರ್ ಸ್ಕೀ ಓಟ ನಡೆಯುತ್ತದೆ, ಮಗುವಿನ ನೆನಪಿಗೆ ಬೆನ್ನಮೇಲೆ ಮೂರೂವರೆ ಕಿಲೋ ಹೊರೆ ಹೊತ್ತು. 

1217ರಲ್ಲಿ ಹದಿಮೂರರ ಹುಡುಗ ರಾಜನಾದ. ಸ್ಕೂಲೆ ಅನ್ನುವ ಜಾರ್ಲ್, ಅಂದರೆ ರಾಜನ ಕೆಳಗಿನ ದೊಡ್ಡ ಸರದಾರ, ಆಗಷ್ಟೇ ತೀರಿಹೋಗಿದ್ದ ರಾಜ ಇಂಗೆ ಬೋರ್ಡ್‌ಸನ್‌ನ ತಮ್ಮ, ಎದುರಿಗೆ ನಿಂತಿದ್ದ. ಈ ಹುಡುಗ ನಿಜವಾಗಿಯೂ ರಾಜನ ಮಗನಾ? 1218ರಲ್ಲಿ ಬರ್ಗನ್‌ನಲ್ಲಿ ಇಂಗಾ ಕಾದ ಕಬ್ಬಿಣ ಕೈಯಲ್ಲಿ ಹಿಡಿದಳು. ಕೈಗೆ ಬಟ್ಟೆ ಕಟ್ಟುತ್ತಾರೆ. ಕೆಲವು ದಿನ ಕಳೆದ ಮೇಲೆ ಬಿಚ್ಚಿ ನೋಡುತ್ತಾರೆ. ಗಾಯ ಚೊಕ್ಕಟವಾಗಿದ್ದರೆ ಅವಳು ಹೇಳಿದ್ದು ಸತ್ಯ.

ಸುಟ್ಟ ಅಂಗೈ ಮೊದಲ ದಿನ ಏನನ್ನೂ ಸರಿಯಾಗಿ ಹೇಳುವುದಿಲ್ಲ. ಕೆಂಪಗೆ ಊದಿರುತ್ತದೆ, ಬೊಬ್ಬೆ ಎದ್ದಿರುತ್ತದೆ. ಎರಡು ಮೂರು ದಿನ ಆದ ಮೇಲೇ ಎಷ್ಟು ಆಳಕ್ಕೆ ಸುಟ್ಟಿದೆ ಅನ್ನುವುದು ಗೊತ್ತಾಗುವುದು. ಆ ಬಟ್ಟೆ ಬಿಚ್ಚುವ ಹೊತ್ತು ನನಗೆ ಗೊತ್ತು. ಒಳಪದರ ಅಂಟಿಕೊಂಡಿರುತ್ತದೆ. ರೋಗಿ ಗಾಯವನ್ನು ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಇಂಗಾ ಯಾರ ಮುಖ ನೋಡಿದಳೋ. ಸುತ್ತ ನಿಂತವರಲ್ಲಿ ಅರ್ಧ ಜನಕ್ಕೆ ಅವಳು ಸುಳ್ಳಿಯಾಗಬೇಕಿತ್ತು. ಗಾಯ ಚೊಕ್ಕಟ ಅಂದರು. ಮಗನ ಪಟ್ಟ ಉಳಿಯಿತು.

ಇದನ್ನೇ ಗೈಡ್‌ಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ನಿಮಗೆ ಇದೂ ಗೊತ್ತಿರಲಿ" ಅಂದು ಸಾಗಾದ ಒಂದು ಸಂಗತಿ ಹೇಳಿದರು. ಪರೀಕ್ಷೆಗೆ ಮುಂಚೆ ಜಾರ್ಲ್ ಕಡೆಯವನೊಬ್ಬ ರಾಜನ ಕಡೆಯವರ ಹತ್ತಿರ ಬಂದು, ಕೈ ಬೇಗ ವಾಸಿಯಾಗುವ ಸೊಪ್ಪು ನನ್ನ ಹತ್ತಿರ ಇದೆ, ಹಚ್ಚಿಬಿಡೋಣ ಅಂದನಂತೆ. ಅವರು ಬೇಡ ಅಂದರು. ಹಚ್ಚಿದ್ದರೆ ಮೋಸ ಅನ್ನುವ ಮಾತು ಹುಟ್ಟುತ್ತಿತ್ತು. ಗಾಯಕ್ಕೆ ಮದ್ದು ಹಚ್ಚದೆ ಬಿಟ್ಟು, ಅದರಲ್ಲೇ ರಾಜ್ಯ ಇಟ್ಟಿದ್ದಾರೆ. ನನಗೆ ಎರಡು ದಿನ ಇದೇ ತಲೆಯಲ್ಲಿತ್ತು.

ಕೊನೆಗೆ ಹೋಕನ್ಸ್‌ಹಾಲೆನ್. ಹೋಕನ್ ಕಟ್ಟಿಸಿದ ಕಲ್ಲಿನ ಸಭಾಭವನ. 1261ರಲ್ಲಿ ಅವನ ಮಗ ಮಾಗ್ನುಸ್‌ನ ಮದುವೆ ಆದದ್ದು ಇಲ್ಲೇ, ಡೆನ್ಮಾರ್ಕಿನ ಇಂಗೆಬೋರ್ಗ್ ಜೊತೆ. ಅದಕ್ಕೆ ಒಂದು ವರ್ಷ ಮುಂಚೆ, 1260ರಲ್ಲಿ, ಮದುವೆಯಲ್ಲಿ ಹುಟ್ಟಿದ ಹಿರಿಯ ಮಗನಿಗೇ ಮೊದಲ ಹಕ್ಕು ಅಂತ ಕಾನೂನು ಗಟ್ಟಿಯಾಯಿತು. ಮದುವೆಯ ಹೊರಗೆ ಹುಟ್ಟಿ, ತಾಯಿಯ ಕೈ ಸುಟ್ಟಿದ್ದರಿಂದ ಪಟ್ಟ ಉಳಿಸಿಕೊಂಡ ರಾಜ ತಂದ ಕಾನೂನು ಅದು. 1944ರ ಏಪ್ರಿಲ್ 20ರಂದು ಬಂದರಿನಲ್ಲಿ ಸಿಡಿಮದ್ದಿನ ಹಡಗು ಸಿಡಿದು ಭವನದ ಚಾವಣಿಯೆಲ್ಲ ಹಾಳಾಯಿತು, ಹಾಗಾಗಿ ಈಗ ಕಾಣುವ ಮರದ ಕೆಲಸ ಹೊಸದು. ಒಳಗೆ ಹೋಗುವ ಟಿಕೆಟ್ ಬೇರೆ ತೆಗೆದುಕೊಳ್ಳಬೇಕು, 390ರಲ್ಲಿ ಸೇರಿಲ್ಲ. ಇದನ್ನು ಬುಕಿಂಗ್‌ನಲ್ಲಿ ದೊಡ್ಡದಾಗಿ ಬರೆಯಬೇಕು.

ಹೋಗುವವರು ವಾರದ ಮಧ್ಯೆ ಹೋಗಿ, ಹಡಗುಗಳ ತಿಂಗಳು ಕಳೆದ ಮೇಲೆ ಹೋಗಿ. ಮಳೆಕೋಟು ಖಂಡಿತ ಬೇಕು. ಶನಿವಾರದ್ದಕ್ಕೆ ಐದರಲ್ಲಿ ಎರಡು, ಮಂಗಳವಾರದ್ದಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಸಂಸ್ಥೆಯವರಿಗೆ ಮತ್ತೆ ಒಂದು ಮೇಲ್ ಬರೆದಿದ್ದೇನೆ. ಹಾಳೆಗೆ ಹೊದಿಕೆ ಹಾಕಿ, ಜನ ಕಡಿಮೆ ಮಾಡಿ, ಇಂಗಾಗೆ ಇನ್ನೂ ಹತ್ತು ನಿಮಿಷ ಕೊಡಿ ಅಂತ. ಬೀಳ್ಕೊಡುವಾಗ ಗೈಡ್ ನನಗೊಬ್ಬಳಿಗೇ ಹೇಳಿದ ಸಂಗತಿಯನ್ನು ಎಲ್ಲರಿಗೂ ಹೇಳಿ ಅಂತಲೂ ಬರೆದೆ. 1247ರ ಜುಲೈನಲ್ಲಿ ಹೋಕನ್‌ಗೆ ಕಿರೀಟ ತೊಡಿಸಲು ಪೋಪ್ ಕಡೆಯಿಂದ ಸಬೀನಾದ ಕಾರ್ಡಿನಲ್ ವಿಲಿಯಂ ಬಂದಿದ್ದರು. ಕಾದ ಕಬ್ಬಿಣದ ಪರೀಕ್ಷೆ ಕ್ರೈಸ್ತರಿಗೆ ತಕ್ಕದ್ದಲ್ಲ, ಇನ್ನು ನಿಲ್ಲಿಸಿ ಅಂತ ನಾರ್ವೆಯಲ್ಲಿ ಹೇಳಿದ್ದೂ ಅವರೇ, ಅದೇ ಬೇಸಿಗೆಯಲ್ಲಿ. ಆಗ ಇಂಗಾ ತೀರಿಕೊಂಡು ಹತ್ತು ವರ್ಷ ಮೇಲಾಗಿತ್ತು.