ಒಂದು ಗುಂಡಿ ತೋಡಿ 'ಸರಿಯಿದೆ' ಅಂದುಕೊಂಡು ಇಳಿಜಾರಿಗೆ ಹೋಗಬೇಡಿ

ಹೊಸ ಹಿಮ ಬಿದ್ದ ಮರುದಿನ ಸ್ಕೀ ಹಾಕಿಕೊಂಡು ಬೆಟ್ಟಕ್ಕೆ ಹೋಗುವವರು ದಯವಿಟ್ಟು ಇದನ್ನು ಓದಿ. ಒಮ್ಮೆ ರಾತ್ರಿಯಿಡೀ ಪಶ್ಚಿಮದ ಗಾಳಿ ಬೀಸಿ 35 ಸೆಂ.ಮೀ. ಹಿಮ ಬಿದ್ದಿತ್ತು. ಬೆಳಿಗ್ಗೆ ಆಕಾಶ ತಿಳಿಯಾಯಿತು. ತಂಡವೊಂದು ಮರಗಳ ಮರೆಯಲ್ಲಿ, ಪಶ್ಚಿಮದ ಕಡೆ ಹಿಮದಲ್ಲಿ ಗುಂಡಿ ತೋಡಿ, ಹಿಮಕುಸಿತದ ಅಪಾಯವಿದೆಯೇ ಎಂದು ಪದರಗಳನ್ನು ಪರೀಕ್ಷೆ ಮಾಡಿತು. ಬಿರುಕು ಹರಡಲಿಲ್ಲ. ಆ ಧೈರ್ಯದ ಮೇಲೆ ಪೂರ್ವದ ಇಳಿಜಾರಿಗೆ ಹೋದರು, ಅದೂ ಮೂವರು ಒಟ್ಟಿಗೆ. ಉಬ್ಬು ದಾಟುವಾಗ ಹಿಮದ ಹಾಳೆ ಅಡ್ಡಕ್ಕೆ ಸೀಳಿ ಪೂರ್ತಿ ಜಾರಿತು. ಒಬ್ಬರು ಹೂತುಹೋದರು. ಬದುಕಿ ಹೊರಬಂದರು, ಆದರೆ ಕಾಲು ಮುರಿದಿತ್ತು.

ಪರೀಕ್ಷೆ ಮಾಡಿದ ರೀತಿಯಲ್ಲಿ ತಪ್ಪಿರಲಿಲ್ಲ, ಜಾಗ ತಪ್ಪಾಗಿತ್ತು. ಗಾಳಿ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಏಣಿನ ಆಚೆ ಬದಿಗೆ ಸುರಿಯುತ್ತದೆ. ಆಕಾಶದಿಂದ ಬಿದ್ದದ್ದಕ್ಕಿಂತ ಹಲವು ಪಟ್ಟು ಹಿಮ ಅಲ್ಲಿ ಗಟ್ಟಿ ಹಾಳೆಯಾಗಿ ಕೂರುತ್ತದೆ. ಮರಗಳ ಮರೆಯ ಗುಂಡಿಯಲ್ಲಿ ಆ ಹಾಳೆಯೇ ಇರುವುದಿಲ್ಲ. ನೀವು ಹೋಗಬೇಕೆಂದಿರುವ ಇಳಿಜಾರು ಯಾವ ದಿಕ್ಕಿಗಿದೆಯೋ ಅದೇ ದಿಕ್ಕು, ಅದೇ ಎತ್ತರ, ಹೆಚ್ಚುಕಡಿಮೆ ಅದೇ ಓರೆ ಇರುವ, ಆದರೆ ಜಾರಿದರೂ ಅಪಾಯವಾಗದ ಚಿಕ್ಕ ಜಾಗ ಹುಡುಕಿ. ಮೊದಲು ಪ್ರೋಬ್ (ಹಿಮದೊಳಗೆ ಇಳಿಸುವ ಉದ್ದನೆಯ ಕೋಲು) ಚುಚ್ಚಿ ಆಳ ನೋಡಿ.

ಗುಂಡಿ ತೋಡಿದ ಮೇಲೆ, ಇಳಿಜಾರಿಗೆ ಅಡ್ಡವಾಗಿ 90 ಸೆಂ.ಮೀ., ಇಳಿಜಾರಿನ ಮೇಲಿನ ದಿಕ್ಕಿಗೆ 30 ಸೆಂ.ಮೀ. ಇರುವಂತೆ ಹಿಮದ ಕಂಬವೊಂದನ್ನು ನಾಲ್ಕೂ ಕಡೆ ಬಿಡಿಸಿ. ಹಿಂಬದಿಯನ್ನು ಹಗ್ಗದಿಂದ ಕೊಯ್ಯಬೇಕು. ಒಂದು ತುದಿಯ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು ಹಾಕಿ. ಎಷ್ಟನೇ ಏಟಿಗೆ ಒಡೆಯಿತು ಅನ್ನುವುದಕ್ಕೇ ಎಲ್ಲರೂ ಗಂಟುಬೀಳುತ್ತಾರೆ. ಅದಕ್ಕಿಂತ ಮುಖ್ಯ, ಬಿರುಕು ಅದೇ ಏಟಿಗೋ ಮುಂದಿನ ಏಟಿಗೋ ಇನ್ನೊಂದು ತುದಿಯವರೆಗೆ ಓಡಿತೇ ಎಂಬುದು. ಓಡಿದರೆ ಆ ಇಳಿಜಾರು ಬಿಟ್ಟುಬಿಡಿ. ಓಡದಿದ್ದರೆ 'ಹೋಗಬಹುದು' ಎಂದರ್ಥವಲ್ಲ. ಹಾಳೆ ಜಾರಲು ಕಾರಣವಾಗುವ ದುರ್ಬಲ ಪದರ ಒಂದು ಮೀಟರಿನಷ್ಟು ಆಳದಲ್ಲಿದ್ದರೆ ಏಟಿನ ಬಲ ಅಲ್ಲಿಗೆ ತಲುಪುವುದೇ ಇಲ್ಲ.

ಗುಂಡಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಮುಷ್ಟಿ ಸಲೀಸಾಗಿ ಒಳಹೋಗುವ ಪದರದ ಮೇಲೆ ಒಂದು ಬೆರಳು ಮಾತ್ರ ಹೋಗುವ ಗಟ್ಟಿ ಪದರ ಕೂತಿದ್ದರೆ ಅನುಮಾನಪಡಲೇಬೇಕು. ನೆಲದ ಹತ್ತಿರದ ಹರಳುಗಳು ಸಕ್ಕರೆಯಂತೆ ಉದುರಿ, ಕೈಯಲ್ಲಿ ಉಂಡೆ ಕಟ್ಟದಿದ್ದರೆ ಅದು ವಾರಗಟ್ಟಲೆ ಹೋಗದ ಅಪಾಯ. ತಿಳಿಯಾದ ಚಳಿರಾತ್ರಿಯಲ್ಲಿ ಮೇಲ್ಮೈಯಲ್ಲಿ ಬೆಳೆದ ಗರಿಯಾಕಾರದ ಹರಳುಗಳು ಹೊಸ ಹಿಮದಡಿ ಹೂತರೂ ಹಾಗೆಯೇ. ಹೊಸ ಹಿಮ ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಕೂತುಕೊಳ್ಳುತ್ತದೆ ಅನ್ನುವ ಲೆಕ್ಕ ಇಂಥ ಪದರಗಳಿಗೆ ನಡೆಯದು.

ಆ ತಂಡಕ್ಕೆ ಗುಂಡಿಗಿಂತ ಮುಂಚೆಯೇ 'ಹೋಗಬೇಡಿ' ಎಂಬ ಉತ್ತರ ಸಿಕ್ಕಿತ್ತು. ದಾರಿಯ ಸಮತಟ್ಟಿನಲ್ಲಿ ಕಾಲಡಿ 'ಧುಪ್' ಎಂದು ಹಿಮ ಕುಸಿದ ಸದ್ದು ಕೇಳಿತ್ತು. ಆ ಸದ್ದು, ಸ್ಕೀ ತುದಿಯಿಂದ ಓಡುವ ಬಿರುಕು, ಅಕ್ಕಪಕ್ಕದಲ್ಲಿ ಹೊಸದಾಗಿ ಜಾರಿದ ಗುರುತು, ಇವುಗಳಲ್ಲಿ ಒಂದು ಕಂಡರೂ ಗುಂಡಿ ತೋಡುವ ಅಗತ್ಯವೇ ಇಲ್ಲ. ಗುಂಡಿ ಏನೇ ಹೇಳಲಿ, ಇವುಗಳ ಮಾತೇ ಕೊನೆ.

ಹಾಳೆಯಾಗಿ ಜಾರುವ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಆಗುತ್ತವೆ. ಕಣ್ಣಳತೆ ನಂಬಬೇಡಿ, ಕೋನಮಾಪಕದಿಂದ ಅಳೆಯಿರಿ. ನೀವು ನಿಂತ ಜಾಗ 20 ಡಿಗ್ರಿ ಇದ್ದರೂ ಮೇಲೆ ಕಡಿದಾದ ಇಳಿಜಾರಿದ್ದರೆ ಕೆಳಗಿರುವ ನಿಮ್ಮ ಭಾರಕ್ಕೇ ಅದು ಕಿತ್ತು ಬರಬಹುದು.

ಹೂತವರು ಬದುಕುವ ಸಾಧ್ಯತೆ ಮೊದಲ 10 ನಿಮಿಷದಲ್ಲಿ ಸುಮಾರು 90 ಪ್ರತಿಶತ, ಆಮೇಲೆ ಕಡಿದಾಗಿ ಇಳಿಯುತ್ತದೆ. ಆದ್ದರಿಂದ ಟ್ರಾನ್ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲಿ, ಮತ್ತು ಅನುಮಾನವಿರುವ ಜಾಗವನ್ನು ಒಬ್ಬೊಬ್ಬರಾಗಿ ದಾಟಿ. ಉಳಿದವರು ಪಕ್ಕದ ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು. ಮೊಬೈಲು ಟ್ರಾನ್ಸೀವರಿನಿಂದ ಕನಿಷ್ಠ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಲಿ.